ಮೀನಿಗೆ ನಿಂತ ಇಂಗ್ಲಿಷ್

ಕೊಡೆ ಕಾರ್ಖಾನೆಯ ಸ್ಟೋರ್‌ಕೀಪರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮೀನಿನ ಮಟ್ಟಿಗೆ ಅವರ ಇಂಗ್ಲಿಷ್ ಬಹಳ ಚೆನ್ನಾಗಿತ್ತು. ಮೀನು, ಗಾಳ, ಬಲೆ, ಕೊಳ, ಇಷ್ಟರೊಳಗೆ ಇರುವವರೆಗೆ ಅವರು ಯಾರ ಎದುರಿಗೆ ಬೇಕಾದರೂ ನಿಲ್ಲಬಲ್ಲವರಾಗಿದ್ದರು. ಅದರಿಂದಾಚೆ ಒಂದು ಹೆಜ್ಜೆ ಇಟ್ಟರೆ, ಬಂದವರಿಗೆ ಕುರ್ಚಿ ತೋರಿಸಿ ಕೂತುಕೊಳ್ಳಿ ಎನ್ನಲು ಕೂಡ ಅವರಲ್ಲಿ ಪದವಿರಲಿಲ್ಲ.

ಇದರಲ್ಲಿ ತಪ್ಪು ಅವರದಲ್ಲ, ಮೇಷ್ಟ್ರ ಪಾಠಕ್ರಮದ್ದು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತಿದ್ದ ಆ ಮೇಷ್ಟ್ರಿಗೆ ತಮ್ಮದೇ ಒಂದು ಸಿದ್ಧಾಂತವಿತ್ತು. ವ್ಯಾಕರಣ ಗೀಕರಣ ಎಲ್ಲ ಸುಳ್ಳು, ನುಡಿಗಟ್ಟು ಬಾಯಿಗೆ ಬಂದರೆ ಭಾಷೆ ತಾನಾಗಿ ಹಿಂದೆ ಬರುತ್ತದೆ ಎಂದು ಅವರು ಎದೆ ತಟ್ಟಿ ಹೇಳುತ್ತಿದ್ದರು. ಅದಕ್ಕಾಗಿ ತಿಂಗಳಿಗೊಂದು ವಿಷಯದಂತೆ ನುಡಿಗಟ್ಟುಗಳನ್ನು ಪಾಲು ಮಾಡಿಕೊಂಡಿದ್ದರು. ಇಂಗ್ಲಿಷರ ನಾಡಿನ ಸುತ್ತ ನೀರಿದೆಯಲ್ಲ, ಆದ್ದರಿಂದ ಮೊದಲ ತಿಂಗಳು ಮೀನು. ಆಮೇಲೆ ಹಕ್ಕಿ, ಆಮೇಲೆ ಕೈಕಾಲು, ಹವಾಮಾನ, ಅಡುಗೆಮನೆ. ಹೋಗುವುದು ಬರುವುದು, ಕ್ಷೇಮಸಮಾಚಾರ ಎಲ್ಲ ಕಟ್ಟಕಡೆಗೆ. ಮೀನು ಮುಗಿದು ಹಕ್ಕಿ ಶುರುವಾಗಬೇಕಾದ ದಿನ ಸ್ಟೋರ್‌ಕೀಪರು ಮೆಟ್ಟಿಲು ಹತ್ತಿ ಹೋದರೆ ಕೋಣೆಯ ತುಂಬ ಟೈರು. ಸೈಕಲ್ ಅಂಗಡಿಯವನು ಮೇಷ್ಟ್ರನ್ನು ಖಾಲಿ ಮಾಡಿಸಿ ಗೋಡೌನು ಮಾಡಿಕೊಂಡಿದ್ದ. ಮೇಷ್ಟ್ರು ಎಲ್ಲಿಗೆ ಹೋದರೆಂದು ಅವನಿಗೂ ಗೊತ್ತಿರಲಿಲ್ಲ.

ಅಷ್ಟಕ್ಕೂ ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಇಂಗ್ಲಿಷ್ ಯಾಕೆ ಬೇಕಾಯಿತು ಎಂದರೆ, ಭಾವನಿಗೋಸ್ಕರ. ಹೆಂಡತಿಯ ಅಣ್ಣನಾದ ಈ ಭಾವ ಅದೇ ಕಾರ್ಖಾನೆಯ ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಪತ್ರ ಟೈಪು ಮಾಡುವವರು. ಭಾನುವಾರ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಬಂದು, ಉಂಡ ಕೈ ಒಣಗುವವರೆಗೂ ಇಂಗ್ಲಿಷಿನ ಮಹಿಮೆ ಕೊಚ್ಚುವುದು ಅವರ ಪದ್ಧತಿ. "ಸ್ಟೋರಲ್ಲಿ ನೂಲು ಎಣಿಸೋಕೆ ಇಂಗ್ಲಿಷ್ ಬೇಡ ಬಿಡಿ, ನಿಮ್ಮ ಪುಣ್ಯ" ಎಂದು ಅವರು ಪ್ರತಿಸಲ ಹೇಳುತ್ತಿದ್ದರು. ಈ ಒಂದು ಮಾತಿಗೆ ಒಂದೇ ಒಂದು ಸಲ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕೆನ್ನುವ ಆಸೆ ಸ್ಟೋರ್‌ಕೀಪರನ್ನು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿಸಿತ್ತು.

ಆ ಅವಕಾಶ ಬೇಗನೆ ಒದಗಿತು. ಒಂದು ಭಾನುವಾರ ಭಾವ ಹೊಸ ಅಂಗಿ ತೊಟ್ಟು ಬಂದರು. ಕಾಲರು ಸರಿಮಾಡಿಕೊಂಡರು, ತೋಳು ಮಡಚಿದರು, ಬಿಚ್ಚಿದರು, "ಯಾಕೋ ಈ ಬಣ್ಣ ನನಗೆ ಒಪ್ಪೋಲ್ಲ ಅನ್ಸುತ್ತೆ" ಎಂದು ಎಲ್ಲರ ಮುಖ ನೋಡಿದರು. ಸ್ಟೋರ್‌ಕೀಪರು ತುತ್ತು ನುಂಗಿ, ನೀರು ಕುಡಿದು, "ಭಾವ, ಡೋಂಟ್ ಫಿಶ್ ಫಾರ್ ಕಾಂಪ್ಲಿಮೆಂಟ್ಸ್" ಎಂದರು. ಹೊಗಳಿಸಿಕೊಳ್ಳೋಕೆ ಗಾಳ ಹಾಕಬೇಡಿ ಅಂತ ಅದರ ಅರ್ಥ.

ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೇ ಎತ್ತಿ ಹಿಡಿದು ನಿಂತುಬಿಟ್ಟಳು. ಭಾವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಲು ಅವರಿಗೆ ಹುಚ್ಚು ಹಿಡಿದಿರಲಿಲ್ಲ. "ಕರೆಕ್ಟ್, ಕರೆಕ್ಟ್" ಎಂದು ತಲೆಯಾಡಿಸಿ, ಮಜ್ಜಿಗೆಯನ್ನೂ ಕೇಳದೆ ಎದ್ದು ಕೈ ತೊಳೆದರು. ಗುಟ್ಟೇನೆಂದರೆ, ಭಾವನ ಇಂಗ್ಲಿಷೂ ಬರೀ ಕಾಗದದ ಇಂಗ್ಲಿಷು. ತಮ್ಮ ಪತ್ರ ತಲುಪಿತು, ತಮ್ಮ ವಿಧೇಯ, ಇವೆರಡರ ನಡುವೆ ಬರುವ ಹತ್ತಾರು ಸಾಲುಗಳನ್ನು ಜೀವಮಾನವಿಡೀ ಟೈಪು ಮಾಡಿ ಮಾಡಿ ಅವರು ಗಟ್ಟಿ ಮಾಡಿಕೊಂಡಿದ್ದರು. ಮಾತಾಡುವ ಇಂಗ್ಲಿಷು ಎದುರಾದರೆ ಅವರಿಗೆ ಜ್ವರ ಬರುತ್ತಿತ್ತು.

ಸುದ್ದಿ ಗೋಡೆ ದಾಟಲು ಹೊತ್ತಾಗಲಿಲ್ಲ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಮಾರನೆಯ ಸಂಜೆಯೇ ಬಟ್ಟೆ ಒಗೆಯುವ ಯಂತ್ರದ ಇಂಗ್ಲಿಷ್ ಪುಸ್ತಕ ಹಿಡಿದು ಬಂದರು. ಯಂತ್ರ ನೀರು ತುಂಬಿಕೊಂಡು ಸುಮ್ಮನೆ ಕೂತಿತ್ತಂತೆ, ಒಳಗೆ ಅವರ ಹೆಂಡತಿಯ ಒಳ್ಳೊಳ್ಳೆ ಬಟ್ಟೆಗಳಿದ್ದುವಂತೆ.

"ಸ್ವಲ್ಪ ಓದಿ ಹೇಳಿ ಸ್ವಾಮಿ. ಮನೇಲಿ ನನ್ನ ತಲೆ ತಿಂತಾ ಇದಾಳೆ."

ಸ್ಟೋರ್‌ಕೀಪರು ಪುಸ್ತಕವನ್ನು ಮೊದಲಿಂದ ಕಡೆಯವರೆಗೆ ತಿರುವಿದರು. ಮೀನಿನ ವಿಚಾರ ಎಲ್ಲೂ ಇರಲಿಲ್ಲ. ಹುಬ್ಬು ಗಂಟಿಕ್ಕಿ, ಪುಸ್ತಕ ಮುಚ್ಚಿ, "ರೆಡ್ ಹೆರಿಂಗ್" ಎಂದರು. "ಅಂದ್ರೆ ದಾರಿ ತಪ್ಪಿಸೋ ಮಾತು. ಈ ಪುಸ್ತಕದಲ್ಲಿರೋದೆಲ್ಲ ಅಷ್ಟೇ. ನೀವು ಹೋಗಿ ಪ್ಲಗ್ ತೆಗೆದು ಮತ್ತೆ ಹಾಕಿ."

ಪೋಸ್ಟ್‌ಮಾಸ್ಟರು ಹೋಗಿ ಪ್ಲಗ್ ತೆಗೆದು ಹಾಕಿದರು. ಯಂತ್ರ ಗಡಗಡ ಎಂದು ತಿರುಗಿತು. ಲೋಕದಲ್ಲಿ ಅರ್ಧಕ್ಕರ್ಧ ಯಂತ್ರಗಳು ಹೀಗೇ ರಿಪೇರಿಯಾಗುತ್ತವೆ ಎನ್ನುವುದನ್ನು ಬೀದಿಯವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಂಗ್ಲಿಷ್ ಓದಿದ್ದಷ್ಟೇ ಅಲ್ಲ, ಓದಿ ಅದರ ಸುಳ್ಳನ್ನೂ ಹಿಡಿದರು ಎಂದು ಮಾತಾಯಿತು. ಔಷಧದ ಅಂಗಡಿಯವನು ಅವರನ್ನು ಕಂಡರೆ ಸ್ಟೂಲು ಬಿಟ್ಟು ಏಳತೊಡಗಿದ. ಸ್ಟೋರ್‌ಕೀಪರು ಕೂಡ ಬೀದಿಯಲ್ಲಿ ನಡೆಯುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಹೀಗೆ ಎಲ್ಲ ಸುಖವಾಗಿ ನಡೆಯುತ್ತಿರುವಾಗ ಕಾರ್ಖಾನೆಯ ಯಜಮಾನರು ಹಿಂದಿನ ಹಾಲಿಗೆ ಬಂದು ಒಂದು ಮಾತು ಹೇಳಿ ಹೋದರು. ಹಿಂದಿನ ಹಾಲು ಎಂದರೆ ಕೊಡೆಯ ಬಟ್ಟೆ ಹೊಲಿಯುವ ಜಾಗ. ಅಲ್ಲಿ ಹೊಲಿಯುವವರೆಲ್ಲ ಹೆಂಗಸರು, ಅವರಲ್ಲಿ ಹಿರಿಯಳು ಸ್ಟೋರ್‌ಕೀಪರ ಹೆಂಡತಿ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಯಜಮಾನರು ಹೇಳಿದ್ದಿಷ್ಟು: ಹೊಲಿದು ಬಂದ ಬಟ್ಟೆಯೇ ಹೊರಗೆ ಅಗ್ಗಕ್ಕೆ ಸಿಗುವಾಗ ಈ ಹಾಲು ನಡೆಸುವುದು ಕಷ್ಟವಾಗಿದೆ, ಹೊರದೇಶದ ದೊಡ್ಡ ಅಂಗಡಿಯೊಂದರ ಮೇಡಂ ಬರುವ ವಾರ ಬರುತ್ತಾರೆ, ಅವರ ಆರ್ಡರ್ ಸಿಕ್ಕಿದರೆ ಹಾಲು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುತ್ತೇನೆ.

ಆಫೀಸಿಗೆ ವಾಪಸು ಬಂದ ಯಜಮಾನರು ಭಾವನನ್ನು ಕರೆದು, "ಮೇಡಂ ಜೊತೆ ಮಾತಾಡೋ ಜವಾಬ್ದಾರಿ ನಿಮ್ಮದು" ಎಂದರು. ಭಾವನಿಗೆ ಕೂತಲ್ಲೇ ಬೆವರು ಇಳಿಯಿತು. ಮುಳುಗುವಾಗ ಇನ್ನೊಬ್ಬರ ಕಾಲು ಸಿಕ್ಕಿದರೆ ಹಿಡಿದುಕೊಳ್ಳುವುದು ಮನುಷ್ಯ ಸ್ವಭಾವ. "ನಾನೊಬ್ನೇ ಯಾಕೆ ಸಾರ್" ಎಂದರು ಅವರು. "ನಮ್ಮ ಸ್ಟೋರ್‌ಕೀಪರು ಇದಾರಲ್ಲ. ಅವರ ಇಂಗ್ಲಿಷ್ ಮುಂದೆ ನಂದೇನೂ ಅಲ್ಲ. ಒಂದೊಂದ್ಸಲ ನನಗೇ ಅರ್ಥ ಆಗೋಲ್ಲ."

ಈ ಕೊನೆಯ ಮಾತು ಅವರು ಹುಟ್ಟಿದಂದಿನಿಂದ ಆಡಿದ ಮಾತುಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು.

ಆ ಸಂಜೆ ಸ್ಟೋರ್‌ಕೀಪರು ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಕೂತರು. ಹೆಂಡತಿ ಚಹಾ ತಂದಿಟ್ಟಳು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದ ಗೆಲುವಿತ್ತು.

"ಯಜಮಾನ್ರು ನಿಮ್ಮನ್ನೇ ಮಾತಾಡೋಕೆ ಬಿಡ್ತಾರಂತೆ. ಹಾಲಲ್ಲಿ ಎಲ್ರೂ ಹೇಳ್ತಿದ್ರು, ಅಕ್ಕನ ಮನೆಯವರು ಇದ್ರೆ ಭಯವಿಲ್ಲ ಅಂತ. ನಮ್ಮೆಲ್ರಿಗಿಂತ ಚಿಕ್ಕವಳಂತೂ ಅತ್ತೇಬಿಟ್ಲು."

ಸ್ಟೋರ್‌ಕೀಪರು ಚಹಾದ ಲೋಟ ಆಚೆ ಸರಿಸಿದರು. ಬೀದಿಯವರಿಗೆ ಟೋಪಿ ಹಾಕಿದ್ದು ಬೇರೆ, ಇದು ಬೇರೆ. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

"ನೋಡು, ನನಗೆ ಇಂಗ್ಲಿಷ್ ಪೂರ್ತಿ ಬರೋಲ್ಲ."

"ಯಾರಿಗೆ ಪೂರ್ತಿ ಬರುತ್ತೆ. ನಿಮಗೆ ಎಷ್ಟು ಬರುತ್ತೆ ಹೇಳಿ."

"ಮೀನು ಬರುತ್ತೆ."

"ಮೀನು ಅಂದ್ರೆ?"

"ಮೀನು ಅಷ್ಟೇ. ಮುಂದಕ್ಕೆ ಪಾಠ ನಡೀಲಿಲ್ಲ."

ಅವರು ನಡೆದದ್ದೆಲ್ಲ ಹೇಳಿದರು, ಟೈರಿನವರೆಗೆ. ಹೆಂಡತಿ ಬೈಯುತ್ತಾಳೆಂದು ಅವರು ಕಾದರು. ಅವಳು ಲೋಟ ಎತ್ತಿಕೊಂಡು, "ಅಣ್ಣನಿಗಂತೂ ಅಷ್ಟೂ ಬರೋಲ್ಲ, ನನಗೆ ಗೊತ್ತು" ಎಂದಳು. "ನೀವು ಬಾಯಿ ಮುಚ್ಕೊಂಡು ಕಿವಿ ತೆಗೆದಿಟ್ಕೊಂಡಿರಿ. ಆಕೆ ಮೀನಿನ ಸುದ್ದಿ ಎತ್ತಿದ್ರೆ ಮಾತ್ರ ಮಾತಾಡಿ."

ಮೇಡಂ ಬಂದ ದಿನ ಕಾರ್ಖಾನೆಯ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಿದ್ದರು. ಆಕೆ ಎತ್ತರದ ಹೆಂಗಸು. ಕೈಯಲ್ಲೊಂದು ಕೊಡೆಯಿತ್ತು, ಬೇರೆಲ್ಲೋ ಮಾಡಿಸಿದ್ದು, ಗಾಳಿಗೆ ಕಡ್ಡಿಯಿಂದ ಬಟ್ಟೆ ಬಿಟ್ಟುಕೊಂಡಿತ್ತು. ಅಂಥದ್ದು ಆಗದ ಕೊಡೆ ಬೇಕೆಂದೇ ಆಕೆ ಊರೂರು ಸುತ್ತುತ್ತಿದ್ದರು. ಭಾವ ಮುಂದೆ ಹೋಗಿ ಕೈ ಜೋಡಿಸಿ, "ವೀ ಆರ್ ಇನ್ ರಿಸೀಟ್ ಆಫ್ ಯುವರ್ ಗುಡ್ ಸೆಲ್ಫ್" ಎಂದರು. ತಮ್ಮ ಪತ್ರ ತಲುಪಿತು ಎನ್ನುವುದನ್ನು ಅವರು ಮನುಷ್ಯರಿಗೆ ಹೊಂದಿಸಿಕೊಂಡಿದ್ದು ಹಾಗೆ. ಮೇಡಂ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು ಕೈ ಕುಲುಕಿದರು.

ಬಾಯಿ ಮುಚ್ಚಿಕೊಂಡಿರಬೇಕೆನ್ನುವುದು ಸ್ಟೋರ್‌ಕೀಪರಿಗೆ ನೆನಪಿತ್ತು. ಆದರೆ ಮೇಡಂ ಯಜಮಾನರ ಕಡೆ ಕೈ ತೋರಿಸಿ ಸ್ಟೋರ್‌ಕೀಪರನ್ನೇ ಏನೋ ಕೇಳಿದರು. ಇವರು ಯಾರು ಎಂದಿರಬೇಕು. ಯಜಮಾನರು ಹುಬ್ಬು ಹಾರಿಸಿ ಸನ್ನೆ ಮಾಡಿದರು. ಬೇರೆ ದಾರಿಯಿಲ್ಲದೆ ಸ್ಟೋರ್‌ಕೀಪರು, "ಬಿಗ್ ಫಿಶ್, ಸ್ಮಾಲ್ ಪಾಂಡ್" ಎಂದರು. ಸಣ್ಣ ಕೊಳದ ದೊಡ್ಡ ಮೀನು, ಇಲ್ಲಿನ ಮಟ್ಟಿಗೆ ದೊಡ್ಡವರು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಂದ್ರಿ?" ಯಜಮಾನರು ಮೆಲ್ಲಗೆ ಕೇಳಿದರು.

"ನೀವು ದೊಡ್ಡವರು ಅಂದೆ ಸಾರ್."

"ಅದಕ್ಕೆ ನಗೋದೇನಿದೆ?"

"ಸಂತೋಷಕ್ಕೆ ಸಾರ್."

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮನುಷ್ಯನಿಗೆ ಒಂದು ಸಲ ನಗು ಸಿಕ್ಕಿತೆಂದರೆ ಮುಗಿಯಿತು, ಹೆಂಡತಿಯ ಬುದ್ಧಿಮಾತು ಗಾಳಿಗೆ ಹೋಗುತ್ತದೆ. ಮೇಡಂ ಹಿಂದಿನ ಹಾಲಿನತ್ತ ಬೊಟ್ಟು ಮಾಡಿ ಮತ್ತೇನೋ ಕೇಳಿದಾಗ, ಜನ ಎಷ್ಟಿದ್ದಾರೆ ಎಂದು ಕೇಳಿದರೆಂದು ಸ್ಟೋರ್‌ಕೀಪರು ಊಹಿಸಿದರು. ಊಹೆ ಸರಿಯಾಗಿಯೇ ಇತ್ತು. ಬಹಳ ಜನ ಎನ್ನಬೇಕು. ಬಹಳ ಎನ್ನುವುದಕ್ಕೆ ಅವರಲ್ಲಿದ್ದ ಒಂದೇ ಮಾತು "ಲೈಕ್ ಸಾರ್ಡೀನ್ಸ್", ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿದ ಪುಟ್ಟ ಮೀನುಗಳ ಹಾಗೆ. ಎರಡೂ ಕೈ ಅಗಲಿಸಿ ಅದನ್ನು ಹೆಮ್ಮೆಯಿಂದಲೇ ಹೇಳಿದರು.

ಮೇಡಂ ನಗಲಿಲ್ಲ. ಬಾಗಿಲ ಸಂದಿನಿಂದ ಒಳಗೆ ಇಣುಕಿದರು. ಹೆಂಗಸರು ನಿಜಕ್ಕೂ ಹಾಗೇ ಕೂತಿದ್ದರು, ಭುಜಕ್ಕೆ ಭುಜ ತಾಗಿಸಿ. ಆಕೆಯ ಮುಖ ಸಪ್ಪಗಾಯಿತು. ಆಫೀಸಿಗೆ ಬಂದು ಕೂತು ಯಜಮಾನರ ಜೊತೆ ಮೆಲುದನಿಯಲ್ಲಿ, ಬಹಳ ಮರ್ಯಾದೆಯಿಂದ, ಉದ್ದಕ್ಕೆ ಏನೇನೋ ಹೇಳಿದರು. ಯಜಮಾನರು ಪ್ರತಿ ಮಾತಿಗೂ ತಲೆಯಾಡಿಸಿದರು. ಕೊನೆಯಲ್ಲಿ ಮೇಡಂ ಎದ್ದು ನಿಂತು ಮುಗುಳ್ನಕ್ಕರು. ಆ ಕೊನೆಯ ಮಾತಿನ ಬಾಲದಲ್ಲಿ ಸ್ಟೋರ್‌ಕೀಪರಿಗೆ ಒಂದು ತುಂಡು ಕೇಳಿಸಿತು: "ಲೆಟ್ ಯು ಆಫ್ ದಿ ಹುಕ್."

ಯಜಮಾನರೂ ಮುಗುಳ್ನಕ್ಕರು. ಭಾವ ನಡು ಬಗ್ಗಿಸಿ, ಪತ್ರದ ಕೊನೆಗೆ ಮುಂಗಡವಾಗಿ ವಂದನೆ ಹೇಳುವ ಸಾಲನ್ನೇ ಎತ್ತಿ, "ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಷನ್" ಎಂದರು. ಮೇಡಂ ಕಾರಿನ ಕಡೆ ಹೊರಟರು.

"ಆಯ್ತಲ್ಲ?" ಯಜಮಾನರು ಭಾವನ ಬೆನ್ನು ತಟ್ಟಿದರು. "ಎಷ್ಟು ಸಂತೋಷವಾಗಿ ಹೋದ್ರು ನೋಡಿ. ಆರ್ಡರ್ ಬಂದ ಹಾಗೇ."

ಸ್ಟೋರ್‌ಕೀಪರು ಕಂಬದ ಹಾಗೆ ನಿಂತಿದ್ದರು. ಮೇಷ್ಟ್ರು ಆ ಮಾತನ್ನು ಒಂದು ಸಂಜೆ ಪೂರ್ತಿ ಪಾಠ ಮಾಡಿದ್ದರು. ಗಾಳಕ್ಕೆ ಸಿಕ್ಕ ಮೀನನ್ನು ಬಿಡಿಸಿ ನೀರಿಗೆ ಬಿಡುವುದು, ಒಪ್ಪಿಕೊಂಡ ಹೊಣೆಯಿಂದ ಬಿಡುಗಡೆ ಮಾಡುವುದು. ಇಕ್ಕಟ್ಟಿನ ಜಾಗ, ಇಷ್ಟು ದೊಡ್ಡ ಕೆಲಸ ನಿಮ್ಮ ಕೈಯಲ್ಲಿ ಆಗದು, ಪಾಪ, ನಿಮ್ಮನ್ನು ಬಿಟ್ಟುಬಿಟ್ಟಿದ್ದೇನೆ ಎಂದು ಆಕೆ ಹೇಳಿ ಹೊರಟಿದ್ದರು. ಇಕ್ಕಟ್ಟಿನ ಸುದ್ದಿ ಕೊಟ್ಟವರು ಯಾರು ಎನ್ನುವುದೂ ಅವರಿಗೆ ಹೊಳೆಯಿತು. ಈ ಕೋಣೆಯಲ್ಲಿ ಆ ಮಾತು ಅರ್ಥವಾದದ್ದು ಅವರೊಬ್ಬರಿಗೇ.

"ಸಾರ್, ಆರ್ಡರ್ ಇಲ್ಲ" ಎಂದು ಹೇಳಿ ಅವರು ಓಡಿದರು. ಸ್ಟೋರ್‌ಕೀಪರು ಓಡಿದ್ದನ್ನು ಆ ಕಾರ್ಖಾನೆ ಅದುವರೆಗೆ ಕಂಡಿರಲಿಲ್ಲ. ಬೆಂಕಿ ಬಿದ್ದಿದೆಯೆಂದು ತಿಳಿದು ಕಾವಲುಗಾರ ಮರಳಿನ ಬಕೆಟ್ ಎತ್ತಿಕೊಂಡ. ಮೇಡಂ ಒಂದು ಕಾಲನ್ನು ಕಾರಿನೊಳಗಿಟ್ಟಾಗಿತ್ತು. ಸ್ಟೋರ್‌ಕೀಪರು ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೇಡಂ, ನೋ ಆಫ್. ವೀ ಆನ್ ದಿ ಹುಕ್. ಆಲ್, ಆಲ್ ಆನ್ ದಿ ಹುಕ್."

ಹಿಂದಿನಿಂದ ಓಡಿ ಬಂದ ಯಜಮಾನರು ಅವರ ಕಾಲರಿಗೆ ಕೈ ಹಾಕಿದರು. "ತಲೆ ಕೆಟ್ಟಿದ್ಯೇನ್ರಿ ನಿಮಗೆ? ಬಿಡ್ರಿ ಬಾಗಿಲು."

"ಬಿಡೋಲ್ಲ ಸಾರ್. ಬಿಟ್ರೆ ಹಾಲು ಹೋಯ್ತು."

"ಆಗ್ಲಿಂದ ನಗ್ತಾ ಇದಾರಲ್ರೀ ಅವರು."

"ಬೇಡ ಅನ್ನೋವಾಗ ದೊಡ್ಡ ಮನುಷ್ಯರು ನಗ್ತಾನೇ ಹೇಳೋದು ಸಾರ್."

ಮೇಡಂ ಇಬ್ಬರನ್ನೂ ನೋಡಿದರು. ಆಕೆಗೆ ಈ ಜಗಳದ ಮಾತು ತಿಳಿಯಲಿಲ್ಲ, ಆದರೆ ಗಾಳದಿಂದ ಬಿಡಿಸಿಕೊಳ್ಳಲು ಒಪ್ಪದೆ ಬಾಗಿಲಿಗೆ ಜೋತುಬಿದ್ದ ಮೀನನ್ನು ಆಕೆ ತಮ್ಮ ವ್ಯಾಪಾರದಲ್ಲಿ ಮೊದಲ ಸಲ ಕಂಡಿದ್ದರು. ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, ಯಾಕೆ ಎನ್ನುವಂತೆ ಏನೋ ಕೇಳಿದರು. ಸ್ಟೋರ್‌ಕೀಪರ ಬಳಿ ಇನ್ನು ಮಾತು ಉಳಿದಿರಲಿಲ್ಲ. ಉಳಿದಿದ್ದ ಮೀನುಗಳು ಯಾವುವೂ ಈ ಕೆಲಸಕ್ಕೆ ಬಾರದವು. ಅವರು ಆಕೆಯ ಕೈಯಲ್ಲಿದ್ದ ಹರಕು ಕೊಡೆಯ ತುದಿ ಹಿಡಿದು, ಹಿಡಿಕೆ ಬಿಡದ ಮೇಡಮ್ಮನ್ನೂ ಅದರ ಜೊತೆಗೇ ಎಳೆದುಕೊಂಡು ಹಿಂದಿನ ಹಾಲಿಗೆ ನಡೆದರು. ಹಿಂದೆ ಯಜಮಾನರು, ಅವರ ಹಿಂದೆ ಭಾವ, ಕೊನೆಗೆ ಮರಳಿನ ಬಕೆಟ್ ಹಿಡಿದ ಕಾವಲುಗಾರ.

ಹೆಂಡತಿ ತಲೆಯೆತ್ತಿ ಗಂಡನ ಮುಖ ನೋಡಿದಳು.

"ನಾವು ಚಿಕ್ಕವರು, ನಮ್ಮ ಕೈಲಾಗೋಲ್ಲ ಅಂತ ಹೊರಟಿದ್ರು. ಜಾಗ ಇಕ್ಕಟ್ಟು ಅಂತ ನಾನೇ ಬಾಯಿಬಿಟ್ಟೆ. ಇನ್ನು ನೀನುಂಟು, ಅವರುಂಟು."

ಬೈಗುಳವನ್ನೆಲ್ಲ ಅವಳು ಮನೆಗೆ ಇಟ್ಟುಕೊಂಡಳು. ಮೇಡಮ್ಮಿನ ಕೈಯಿಂದ ಕೊಡೆ ತೆಗೆದುಕೊಂಡು, ಹರಿದ ಬಟ್ಟೆಯನ್ನು ಕಡ್ಡಿಯಿಂದ ಪೂರ್ತಿ ಕಳಚಿ ಎಸೆದು, ಬರೀ ಅಸ್ಥಿಪಂಜರವನ್ನು ಪಕ್ಕದವಳ ತೊಡೆಗೆ ಹಾಕಿ, "ನಡೀಲಿ" ಎಂದಳು.

ಆ ಹಾಲಿನ ಕೆಲಸದ ರೀತಿಯೇ ಬೇರೆ. ಅಲ್ಲಿ ಯಾರೂ ಏಳುವುದಿಲ್ಲ, ಯಾರೂ ನಡೆಯುವುದಿಲ್ಲ. ಜಾಗವಿಲ್ಲದೆ ಹಾಗಾಯಿತೋ, ಹಾಗೆ ಕೂತು ಕೂತು ಜಾಗ ಬೇಡವಾಯಿತೋ, ಅಂತೂ ಕೊಡೆ ತೊಡೆಯಿಂದ ತೊಡೆಗೆ ಹೋಗುತ್ತದೆ. ಒಬ್ಬಳು ತ್ರಿಕೋನದ ತುಂಡುಗಳನ್ನು ಯಂತ್ರಕ್ಕೆ ಕೊಟ್ಟಳು, ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬಳ ಕೈ ಆಗಲೇ ಚಾಚಿತ್ತು. ಒಬ್ಬಳು ನಡುವಿನ ಗಂಟು ಹಾಕಿದಳು, ಒಬ್ಬಳು ಕಡ್ಡಿಯ ತುದಿಗೆ ಟೋಪಿ ತೊಡಿಸಿದಳು. ಕಡ್ಡಿ ನಡುವೆ ಬಾಗುವ ಜಾಗದಲ್ಲಿ ಚಿಕ್ಕವಳು ಎರಡು ಸುತ್ತು ಹೊಲಿಗೆ ಹಾಕಿದಳು. ಒಂದು ಸುತ್ತು ಹಾಕಿದರೆ ಗಾಳಿಗೆ ಬಿಡುತ್ತದೆಂದು ಅಕ್ಕ ಆ ಹಾಲಿಗೆ ಮಾಡಿಟ್ಟ ಕಾನೂನು ಅದು. ಮೇಡಂ ಕುತ್ತಿಗೆಯನ್ನು ಆಚೀಚೆ ತಿರುಗಿಸುತ್ತ ನೋಡುತ್ತಿದ್ದಂತೆ ಕೊಡೆ ಸಾಲು ಸುತ್ತಿ, ಹೊಸ ಬಟ್ಟೆ ತೊಟ್ಟು, ಅಕ್ಕನ ತೊಡೆಗೇ ವಾಪಸು ಬಂತು. ಭುಜಕ್ಕೆ ಭುಜ ತಾಗಿ ಕೂತಿರುವುದು ಯಾಕೆಂದು ಮೇಡಮ್ಮಿಗೆ ಯಾರೂ ಯಾವ ಭಾಷೆಯಲ್ಲೂ ವಿವರಿಸಬೇಕಾಗಲಿಲ್ಲ.

ಮೂಲೆಯಲ್ಲಿ ಆಳೆತ್ತರದ ಫ್ಯಾನ್ ಇತ್ತು. ಅಕ್ಕ ಅದನ್ನು ಕೊನೆಯ ಗುಂಡಿಗೆ ತಿರುಗಿಸಿದಳು. ಹಾಲಿನಲ್ಲಿದ್ದ ಕಾಗದ, ನೂಲು, ಬಟ್ಟೆಚೂರು ಎಲ್ಲ ಎದ್ದು ಯಜಮಾನರ ತಲೆಯ ಮೇಲೆ ಕೂತವು. ಅವಳು ಕೊಡೆ ಬಿಚ್ಚಿ ಮೇಡಮ್ಮಿಗೆ ಕೊಟ್ಟು, ನೀವೇ ಹಿಡಿಯಿರಿ ಎಂದು ಕಣ್ಣಿನಲ್ಲೇ ಹೇಳಿದಳು. ಮೇಡಂ ಸ್ವಲ್ಪ ಹಿಂಜರಿದರು. ಆಗ ಭಾವ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, "ಕೈಂಡ್ಲಿ ಡು ದಿ ನೀಡ್‌ಫುಲ್ ಅಂಡ್ ಒಬ್ಲೈಜ್" ಎಂದರು. ಆಗಬೇಕಾದದ್ದನ್ನು ದಯವಿಟ್ಟು ಮಾಡಿಕೊಡಿ. ಇಡೀ ಜೀವಮಾನದಲ್ಲಿ ಆ ಸಾಲು ಅಷ್ಟು ಸರಿಯಾದ ಜಾಗದಲ್ಲಿ ಬಿದ್ದಿರಲಿಲ್ಲ. ಭಾವನ ಕಣ್ಣಲ್ಲಿ ನೀರು ಬಂತು.

ಮೇಡಂ ಕೊಡೆಯನ್ನು ಫ್ಯಾನಿಗೆ ಎದುರಾಗಿ ಹಿಡಿದರು. ಕೊಡೆ ಒಮ್ಮೆ ಉಬ್ಬಿತು, ನಡುಗಿತು, ಪಟಾರನೆ ಹಿಂದುಮುಂದಾಗಿ ಮಡಚಿಕೊಂಡಿತು. ಹೆಂಗಸರು ಉಸಿರು ಹಿಡಿದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ಅಕ್ಕ ಮಾತ್ರ ನಿಂತಲ್ಲಿಂದ ಕೈ ಚಾಚಿ ಕೊಡೆಯ ತಲೆಗೆ ಒಂದು ಏಟು ಕೊಟ್ಟಳು. ಅದು ಟಪ್ಪೆಂದು ಸೀದಾ ಆಯಿತು. ಒಂದು ಕಡ್ಡಿ ಬಾಗಿರಲಿಲ್ಲ, ಒಂದು ಹೊಲಿಗೆ ಬಿಟ್ಟಿರಲಿಲ್ಲ. ಮೇಡಂ ತಾವೇ ಮತ್ತೆ ಉಲ್ಟಾ ಮಾಡಿದರು, ತಾವೇ ಏಟು ಹಾಕಿದರು, ಮತ್ತೆ ಮಾಡಿದರು. ಆಕೆಗೆ ಅದರ ಹುಚ್ಚೇ ಹಿಡಿಯಿತು. ಫ್ಯಾನಿನ ಎದುರು ನಿಂತು ಕೊಡೆಯೊಡನೆ ಗುದ್ದಾಡುತ್ತ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು.

ಕೊನೆಗೆ ಆಕೆ ಫ್ಯಾನ್ ಆರಿಸಿ, ಅಕ್ಕನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಸ್ಟೋರ್‌ಕೀಪರ ಕಡೆ ತಿರುಗಿ, ಕೂದಲೆಲ್ಲ ಕೆದರಿ ನಿಂತವರು, "ಹುಕ್, ಲೈನ್ ಅಂಡ್ ಸಿಂಕರ್" ಎಂದರು.

"ಏನಂತೆ? ಏನಂತೆ?" ಯಜಮಾನರು ತಲೆಯ ಮೇಲಿನ ನೂಲನ್ನೂ ಕೊಡವಿಕೊಳ್ಳದೆ ಕೇಳಿದರು.

ಸ್ಟೋರ್‌ಕೀಪರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಗಾಳ, ದಾರ, ಸೀಸದ ಗುಂಡು, ಮೂರನ್ನೂ ಒಟ್ಟಿಗೆ ನುಂಗಿದ್ದಾರೆ ಸಾರ್. ಪೂರ್ತಿ ಒಪ್ಪಿದ್ದಾರೆ."

ಒಪ್ಪಿದ್ದು ಬಾಯಿಮಾತಿಗಲ್ಲ ಎನ್ನುವುದು ಮಧ್ಯಾಹ್ನದೊಳಗೆ ಗೊತ್ತಾಯಿತು. ಮೇಡಂ ಸಹಿ ಹಾಕಿದರು, ಇಡೀ ಮಳೆಗಾಲಕ್ಕೆ ಸಾಲುವಷ್ಟು ಕೊಡೆಗಳಿಗೆ. ಅಕ್ಕನ ಹಾಲಿನಲ್ಲೇ ಹೊಲಿಯಬೇಕು, ಅಕ್ಕನ ಎರಡು ಸುತ್ತಿನ ಹೊಲಿಗೆಯೇ ಆಗಬೇಕು ಎನ್ನುವ ಷರತ್ತನ್ನು ಆಕೆ ಕೈಯಾರೆ ಬರೆದು ಸೇರಿಸಿದರು. ಯಜಮಾನರು ಹಾಲಿನ ಬಾಗಿಲಲ್ಲಿ ನಿಂತು, "ಹಾಲು ಮುಚ್ಚೋಲ್ಲ. ಅಕ್ಕನೇ ಇನ್ನು ಮೇಲ್ವಿಚಾರಕಿ" ಎಂದರು. ಆಮೇಲೆ ಕೈ ಬೀಸಿ ಹೊರಟುಹೋದರು. ಚಿಕ್ಕವಳು ಮತ್ತೆ ಅತ್ತಳು. ಈ ಸಲ ಎಲ್ಲರೂ ಅವಳ ಜೊತೆ ಸೇರಿಕೊಂಡರು.

ಮಾರನೆಯ ಬೆಳಿಗ್ಗೆ ನೂಲಿನ ಉಂಡೆ ಕೊಡುವ ನೆಪದಲ್ಲಿ ಸ್ಟೋರ್‌ಕೀಪರು ಹಾಲಿಗೆ ಬಂದು ನಡುವೆ ನಿಂತರು. ಕಾರಿನ ಬಾಗಿಲು ಹಿಡಿದಲ್ಲಿಂದ ಕಥೆ ಶುರುಮಾಡಿದರು. ಮೇಡಂ ಕಣ್ಣಲ್ಲಿ ಕಣ್ಣಿಟ್ಟು ತಾವು ಏನು ಹೇಳಿದರು, ಅದಕ್ಕೆ ಆಕೆ ಹೇಗೆ ಬೆಚ್ಚಿದರು ಎನ್ನುವಲ್ಲಿಗೆ ಬಂದಾಗ ಹೆಂಡತಿ ಗಡಿಯಾರ ನೋಡಿ, "ನಡೀಲಿ" ಎಂದಳು. ಹಾಲಿನ ಯಂತ್ರಗಳೆಲ್ಲ ಒಟ್ಟಿಗೆ ಶುರುವಾದವು. ಕಿಟಕಿಯ ಗಾಜು ಅದುರಿತು, ನೆಲ ಅದುರಿತು. ಸ್ಟೋರ್‌ಕೀಪರು ಕೈಬೀಸಿ, ಕಾಲರು ಹಿಡಿದು ತೋರಿಸಿ, ಬಾಗಿಲಿಗೆ ಜೋತುಬಿದ್ದು ತೋರಿಸಿ, ಕಥೆಯನ್ನು ಕೊನೆಯವರೆಗೂ ಹೇಳಿದರು. ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಅವರಿಗೂ ಕೇಳಿಸಲಿಲ್ಲ. ಅಷ್ಟು ಸಂತೋಷವಾಗಿ ಅವರು ಬೇರೆ ಯಾವತ್ತೂ ಮಾತಾಡಿರಲಿಲ್ಲ.